ಮರೆಯಾದ ಚೌಕಕ್ಕೂ ತಪಾಸಣೆ

ವಿದ್ಯಾರ್ಥಿವೇತನಕ್ಕೆ, ಪ್ರವೇಶ ಪರೀಕ್ಷೆಗೆ, ಉದ್ಯೋಗಕ್ಕೆ ಸಲ್ಲಿಸುವ ಬಹುತೇಕ ಅರ್ಜಿಗಳನ್ನು ಈಗ ಗಣಕದಲ್ಲೋ ಮೊಬೈಲಿನಲ್ಲೋ ತುಂಬಬೇಕು. ಕಾಗದದ ನಮೂನೆಯಲ್ಲಿ ಎಲ್ಲ ಪ್ರಶ್ನೆಗಳೂ ಅಚ್ಚಾಗಿರುತ್ತವೆ. ನಿಮಗೆ ಸಂಬಂಧಿಸದ ಕಡೆ 'ಅನ್ವಯಿಸುವುದಿಲ್ಲ' ಎಂದು ಬರೆದು ಮುಂದೆ ಸಾಗುತ್ತೀರಿ. ಗಣಕದ ನಮೂನೆ ಹಾಗಲ್ಲ. ನಿಮ್ಮ ಉತ್ತರ ನೋಡಿಕೊಂಡು ಅದು ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ. 'ಹಾಸ್ಟೆಲಿನಲ್ಲಿ ವಾಸವೆ?' ಎಂಬುದಕ್ಕೆ 'ಹೌದು' ಎಂದರೆ ಹಾಸ್ಟೆಲಿನ ಹೆಸರು ಮತ್ತು ವಾರ್ಷಿಕ ಶುಲ್ಕ ಕೇಳುವ ಎರಡು ಚೌಕಗಳು ತೆರೆದುಕೊಳ್ಳುತ್ತವೆ. 'ಇಲ್ಲ' ಎಂದರೆ ಅವು ಮರೆಯಾಗುತ್ತವೆ. ಇದಕ್ಕೆ ಅಡಾಪ್ಟಿವ್ ಫಾರಂ, ಅಂದರೆ ಹೊಂದಿಕೊಳ್ಳುವ ನಮೂನೆ ಎಂದು ಹೆಸರು.

ನೀವು ತುಂಬಿದ್ದು ಸರಿಯಿದೆಯೇ ಎಂದು ನೋಡಲು ನಮೂನೆಯೊಳಗೆ ಪುಟ್ಟ ಪುಟ್ಟ ಆದೇಶಗಳಿರುತ್ತವೆ. ಇವೇ ವ್ಯಾಲಿಡೇಷನ್ ಸ್ಕ್ರಿಪ್ಟುಗಳು. ಇಲ್ಲಿ ತಪಾಸಣಾ ಸ್ಕ್ರಿಪ್ಟು ಎನ್ನೋಣ. ಇವನ್ನು ಸಾಮಾನ್ಯವಾಗಿ ಬರೆಯುವುದು 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. 2014ರಲ್ಲಿ ಅಧಿಕೃತ ಮಾನಕವಾದ ಎಚ್‌ಟಿಎಂಎಲ್ 5ರ ನಂತರ, 'ಈ ಚೌಕ ಕಡ್ಡಾಯ', 'ಗರಿಷ್ಠ ಬೆಲೆ ಇಷ್ಟು' ಎಂಬಂಥ ಸರಳ ನಿಯಮಗಳನ್ನು ಸ್ಕ್ರಿಪ್ಟಿನ ನೆರವಿಲ್ಲದೆ ಬ್ರೌಸರೇ ಜಾರಿಗೆ ತರಬಲ್ಲದು.

ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಅರ್ಜಿ ಸಲ್ಲಿಸಲು ಕೊನೆಯ ದಿನ. ವಿದ್ಯಾರ್ಥಿನಿಯೊಬ್ಬಳು 'ಹೌದು' ಒತ್ತಿದಳು, ಶುಲ್ಕದ ಚೌಕ ತೆರೆಯಿತು. ತಾನಿರುವುದು ಬಂಧುಗಳ ಮನೆಯಲ್ಲಿ ಎಂದು ನೆನಪಾಗಿ ಅದನ್ನು ಖಾಲಿ ಬಿಟ್ಟು 'ಇಲ್ಲ' ಎಂದು ಬದಲಿಸಿದಳು, ಚೌಕ ಮರೆಯಾಯಿತು. ಉಳಿದದ್ದನ್ನೆಲ್ಲ ತುಂಬಿ 'ಸಲ್ಲಿಸು' ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ತಪ್ಪು ಎಂಬ ಸೂಚನೆಯಿಲ್ಲ, ಸ್ವೀಕರಿಸಿದೆ ಎಂಬ ಸೂಚನೆಯೂ ಇಲ್ಲ. 'ಸರ್ವರ್ ಬಿಜಿ' ಎಂದುಕೊಂಡು ಕಾಯುತ್ತ ಕುಳಿತಳು. ಸರ್ವರಿನ ತನಕ ಅರ್ಜಿ ಹೋಗಿಯೇ ಇಲ್ಲ!

ಆದದ್ದಿಷ್ಟು. ಶುಲ್ಕದ ಚೌಕಕ್ಕೆ 'ಕಡ್ಡಾಯ' ಎಂಬ ಗುರುತಿತ್ತು. ಅದು ಕಣ್ಣಿಗೆ ಮರೆಯಾಯಿತೇ ಹೊರತು ನಮೂನೆಯಿಂದ ಹೊರಗೆ ಹೋಗಲಿಲ್ಲ. ತೆರೆಯ ಮೇಲೆ ತೋರಿಸುವುದು, ಬಿಡುವುದು ಅಲಂಕಾರದ ವಿಷಯ. ತಪಾಸಣೆಯ ನಿಯಮ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಂಡಿ ಒತ್ತಿದಾಗ ಬ್ರೌಸರ್ ಎಲ್ಲ ಚೌಕಗಳನ್ನೂ ನೋಡಿತು, ಖಾಲಿಯಿರುವ ಕಡ್ಡಾಯ ಚೌಕ ಸಿಕ್ಕಿತು, ಅರ್ಜಿಯನ್ನು ತಡೆಯಿತು. ಸಾಮಾನ್ಯವಾಗಿ ಆಗ ಅದು ಕರ್ಸರನ್ನು ತಪ್ಪಿರುವ ಚೌಕಕ್ಕೆ ಒಯ್ದು 'ಇದನ್ನು ತುಂಬಿ' ಎನ್ನುತ್ತದೆ. ಮರೆಯಾದ ಚೌಕಕ್ಕೆ ಕರ್ಸರ್ ಒಯ್ಯುವುದೆಲ್ಲಿಗೆ? ಕ್ರೋಮ್ ಬ್ರೌಸರ್ ತನ್ನ ದೂರನ್ನು ತಂತ್ರಜ್ಞರು ಮಾತ್ರ ನೋಡುವ ಕನ್ಸೋಲಿನಲ್ಲಿ ಬರೆದು ಸುಮ್ಮನಾಗುತ್ತದೆ.

ಇದರ ತಿರುವುಮುರುವು ಇನ್ನೂ ಕೆಟ್ಟದ್ದು. ಅವಳು ಶುಲ್ಕದ ಚೌಕದಲ್ಲಿ 40,000 ಎಂದು ತುಂಬಿದ ಮೇಲೆ 'ಇಲ್ಲ' ಎಂದು ಬದಲಿಸಿದ್ದರೆ? ಅರ್ಜಿ ಸಲೀಸಾಗಿ ಹೋಗುತ್ತದೆ, ಮರೆಯಾದ ಚೌಕದಲ್ಲಿದ್ದ 40,000 ಕೂಡ ಜೊತೆಗೇ ಹೋಗುತ್ತದೆ. ಹಾಸ್ಟೆಲಿನಲ್ಲಿಲ್ಲ, ಆದರೆ ಹಾಸ್ಟೆಲ್ ಶುಲ್ಕ ಇದೆ! ಪರಿಶೀಲಿಸುವ ಅಧಿಕಾರಿಯ ಕಣ್ಣಿಗೆ ಇದು ಸುಳ್ಳು ಮಾಹಿತಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಎರಡಕ್ಕೂ ಮದ್ದು ಒಂದೇ. ಚೌಕವನ್ನು ಮರೆಮಾಡುವಾಗಲೇ ಅದನ್ನು ನಿಷ್ಕ್ರಿಯಗೊಳಿಸಬೇಕು. ನಿಷ್ಕ್ರಿಯ ಚೌಕವನ್ನು ಬ್ರೌಸರ್ ತಪಾಸಿಸುವುದೂ ಇಲ್ಲ, ಸರ್ವರಿಗೆ ಕಳಿಸುವುದೂ ಇಲ್ಲ. ಒಳಗಿದ್ದ ಬೆಲೆ ಮಾತ್ರ ಹಾಗೇ ಉಳಿದಿರುತ್ತದೆ. 'ಹೌದು' ಎಂದು ಮತ್ತೆ ಬದಲಿಸಿದವರು ಎಲ್ಲವನ್ನೂ ಹೊಸದಾಗಿ ತುಂಬಬೇಕಾಗಿಲ್ಲ.

ಯಾವಾಗ ನೋಡಬೇಕು?

ಯಾವ ಚೌಕವನ್ನು ನೋಡಬೇಕು ಎಂಬಷ್ಟೇ ಮುಖ್ಯವಾದದ್ದು ಯಾವ ಕ್ಷಣದಲ್ಲಿ ನೋಡಬೇಕು ಎಂಬುದು. ಒಂದೊಂದು ಅಕ್ಷರ ಒತ್ತಿದಾಗಲೂ ಸ್ಕ್ರಿಪ್ಟು ಓಡುವಂತೆ ಮಾಡಬಹುದು. ಆಗ ಮೊಬೈಲ್ ಸಂಖ್ಯೆಯ ಮೊದಲ ಅಂಕಿಗೇ 'ಹತ್ತು ಅಂಕಿಗಳಿಲ್ಲ' ಎಂಬ ಕೆಂಪು ಬರಹ ಮೂಡಿ ತುಂಬುವವರನ್ನು ಗಾಬರಿಪಡಿಸುತ್ತದೆ. ಚೌಕ ಬಿಟ್ಟು ಹೊರಬಂದಾಗ ಓಡಿಸುವುದು ಲೇಸು. ಆದರೆ ಇಲ್ಲೊಂದು ಸೂಕ್ಷ್ಮವಿದೆ. 'ಬೆಲೆ ಬದಲಾಯಿತು' ಎಂಬ ಸಂಕೇತವನ್ನು ಬ್ರೌಸರ್ ಹೊರಡಿಸುವುದು ಮನುಷ್ಯರು ಬದಲಿಸಿದಾಗ ಮಾತ್ರ. ತರಗತಿಯನ್ನು ಆರಿಸಿದೊಡನೆ ಸ್ಕ್ರಿಪ್ಟೇ ಶುಲ್ಕದ ಚೌಕವನ್ನು ತುಂಬಿದರೆ ಆ ಸಂಕೇತ ಹೊರಡುವುದಿಲ್ಲ. ಅದನ್ನೇ ಕಾಯುತ್ತಿರುವ ತಪಾಸಣಾ ಸ್ಕ್ರಿಪ್ಟು ನಿದ್ದೆ ಮಾಡುತ್ತಲೇ ಇರುತ್ತದೆ. ಎಚ್‌ಟಿಎಂಎಲ್‌ನ ಉದ್ದದ ಮಿತಿಯ ನಿಯಮವೂ ಹೀಗೆಯೇ, ಕೈಯಿಂದ ತುಂಬಿದ್ದಕ್ಕಷ್ಟೇ ಅನ್ವಯ.

ಆದ್ದರಿಂದ ಒಂದು ಉತ್ತರ ಬದಲಾದಾಗ ಕೆಲಸಗಳು ಕ್ರಮವಾಗಿ ನಡೆಯಬೇಕು. ಯಾವ ಚೌಕಗಳು ಚಾಲ್ತಿಯಲ್ಲಿವೆ ಎಂಬುದು ಮೊದಲು ತೀರ್ಮಾನವಾಗಬೇಕು, ಅನಂತರ ಲೆಕ್ಕ ಹಾಕಿ ತುಂಬುವ ಬೆಲೆಗಳು, ಕಡೆಗೆ ತಪಾಸಣೆ. ಲೆಕ್ಕಕ್ಕೆ ಮೊದಲೇ ತಪಾಸಣೆ ನಡೆದರೆ, ಗ್ಯಾಲ್ವನೊಮೀಟರಿನ ಮುಳ್ಳು ನಿಲ್ಲುವ ಮುನ್ನ ಅಳತೆ ಬರೆದುಕೊಂಡಂತೆ. ಇನ್ನು, ಒಂದು ಚೌಕ ಕಂಡರೆ ಮೊತ್ತ ಬದಲಾಗುವಂತೆಯೂ, ಮೊತ್ತ ಬದಲಾದರೆ ಅದೇ ಚೌಕ ಮರೆಯಾಗುವಂತೆಯೂ ನಿಯಮ ಬರೆದವರುಂಟು! ವಿದ್ಯುತ್ ಗಂಟೆಯ ತತ್ತ್ವ ಪಾಠ ಮಾಡಿದವರಿಗೆ ಮುಂದೇನಾಗುತ್ತದೆಂದು ಹೇಳಬೇಕಾಗಿಲ್ಲ.

ಅಂಕಿಯೋ ಅಕ್ಷರವೋ?

ಚೌಕದಿಂದ ಸ್ಕ್ರಿಪ್ಟಿಗೆ ಸಿಗುವ ಬೆಲೆ ಅಕ್ಷರಗಳ ಸರಣಿಯೇ ಹೊರತು ಸಂಖ್ಯೆಯಲ್ಲ. ಗಳಿಸಿದ ಅಂಕವನ್ನೂ ಗರಿಷ್ಠ ಅಂಕವನ್ನೂ ಎರಡು ಚೌಕಗಳಿಂದ ತೆಗೆದು, ಸಂಖ್ಯೆಗೆ ಪರಿವರ್ತಿಸದೆ ಹೋಲಿಸಿದರೆ ಜಾವಾಸ್ಕ್ರಿಪ್ಟ್ ನಿಘಂಟಿನ ಕ್ರಮದಲ್ಲಿ ಹೋಲಿಸುತ್ತದೆ. ಗರಿಷ್ಠ 100 ಇದ್ದಾಗ 95 ಪಡೆದವನಿಗೆ 'ಗರಿಷ್ಠವನ್ನು ಮೀರಿದೆ' ಎಂಬ ಉತ್ತರ ಬರುತ್ತದೆ, ಏಕೆಂದರೆ ಮೊದಲ ಅಕ್ಷರ 9, ಅದು 1ಕ್ಕಿಂತ ಮುಂದಿನದು. ಹೀಗೆ ನೋಡಿದರೆ ಒಪ್ಪಿಗೆ ಪಡೆಯುವ ಪೂರ್ಣಾಂಕಗಳು 0, 1, 10, 100 ಈ ನಾಲ್ಕೇ. ಇಂಥ ದೋಷ ಮೊದಲ ದಿನವೇ ಸಿಕ್ಕಿಬೀಳುತ್ತದೆ ಎನ್ನಬಹುದು. ಆದರೆ ಗರಿಷ್ಠ 50 ಎಂದುಕೊಳ್ಳಿ. ಎರಡಂಕಿಯವರಿಗೆಲ್ಲ ಸರಿಯಾದ ಉತ್ತರ ಬರುತ್ತದೆ. 6, 7, 8, 9 ಪಡೆದವರಷ್ಟೇ ತಿರಸ್ಕೃತರು. ನಮೂನೆಯನ್ನು ಪರೀಕ್ಷಿಸುವವರು 35, 48 ಎಂದೆಲ್ಲ ತುಂಬಿ ನೋಡಿ 'ಸರಿಯಿದೆ' ಎನ್ನುತ್ತಾರೆ.

ದಶಮಾಂಶದಲ್ಲಿ ಬೇರೆ ತೊಡಕು. ದ್ವಿಮಾನ ಪದ್ಧತಿಯಲ್ಲಿ 0.1ನ್ನು ನಿಖರವಾಗಿ ಬರೆಯಲಾಗದು. ಹಾಗಾಗಿ 0.1 ಮತ್ತು 0.2ರ ಮೊತ್ತ 0.30000000000000004 ಎಂದು ಬರುತ್ತದೆ. 'ಮೊತ್ತ 0.3ಕ್ಕೆ ಸಮವಿರಲೇಬೇಕು' ಎಂಬ ಸ್ಕ್ರಿಪ್ಟು ಸರಿಯಾದ ಉತ್ತರವನ್ನೂ ತಪ್ಪೆನ್ನುತ್ತದೆ. ಅಳತೆಯಲ್ಲಿ ದೋಷದ ಮಿತಿ ಬಿಡುವುದು ನಮಗೆ ಪ್ರಯೋಗಾಲಯದ ಮೊದಲ ಪಾಠ. ಇಲ್ಲಿಯೂ ಅದೇ ಬೇಕು.

ಹೆಸರಿನ ಚೌಕ ಕನ್ನಡಿಗರಿಗೆ ತೀರ ಹತ್ತಿರದ್ದು. 'ಅಕ್ಷರಗಳು ಮಾತ್ರ ಇರಬೇಕು' ಎಂಬ ನಿಯಮವನ್ನು ಯೂನಿಕೋಡಿನ ವರ್ಗೀಕರಣದ ಪ್ರಕಾರ ಬರೆದರೆ 'ಕಮಲ' ಒಪ್ಪಿಗೆಯಾಗುತ್ತದೆ, 'ವಿಜಯ' ಆಗುವುದಿಲ್ಲ. ಯೂನಿಕೋಡಿನಲ್ಲಿ ಗುಣಿತದ ಗುಡಿಸು ಅಕ್ಷರವಲ್ಲ, 'ಚಿಹ್ನೆ' ಎಂಬ ಬೇರೆ ವರ್ಗಕ್ಕೆ ಸೇರಿದ್ದು. ಉದ್ದದ ಎಣಿಕೆಯೂ ವಿಚಿತ್ರ: 'ಶ್ರೀ' ನಮಗೆ ಒಂದಕ್ಷರ, ಗಣಕಕ್ಕೆ ನಾಲ್ಕು ಸಂಕೇತ. ಅಡ್ಡಹೆಸರು ಕಡ್ಡಾಯ, ಅದರಲ್ಲಿ ಕನಿಷ್ಠ ಎರಡಕ್ಷರ ಬೇಕು ಎಂಬ ನಿಯಮವನ್ನು ಬರೆದವರಿಗೆ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಇಟ್ಟುಕೊಂಡ ನಮ್ಮ ಜನರ ಪರಿಚಯವಿಲ್ಲವೆಂದೇ ಅರ್ಥ. ಇದು ತಂತ್ರದ ತಪ್ಪಲ್ಲ, ತಿಳಿವಳಿಕೆಯದು. ಪ್ರಮಾಣಪತ್ರದಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಹೆಸರು ಉಳಿದು ಪರದಾಡುವವರು ಮಾತ್ರ ವಿದ್ಯಾರ್ಥಿಗಳು.

ಬ್ರೌಸರಿನಲ್ಲಿ ನಡೆಯುವ ಈ ತಪಾಸಣೆಯೆಲ್ಲ ತುಂಬುವವರ ಅನುಕೂಲಕ್ಕಷ್ಟೇ. ಜಾವಾಸ್ಕ್ರಿಪ್ಟನ್ನು ಯಾರು ಬೇಕಾದರೂ ನಿಲ್ಲಿಸಬಹುದು, ನಮೂನೆಯನ್ನು ತೆರೆಯದೆಯೇ ಸರ್ವರಿಗೆ ಮಾಹಿತಿ ಕಳಿಸಬಹುದು. ಆದ್ದರಿಂದ ಸರ್ವರ್ ಎಲ್ಲವನ್ನೂ ಮತ್ತೊಮ್ಮೆ ನೋಡಲೇಬೇಕು. ಬೆಲೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು. 'ಹಾಸ್ಟೆಲ್ ಇಲ್ಲ' ಎಂದಿದ್ದರೆ ಶುಲ್ಕದ ಚೌಕ ತೆರೆದೇ ಇರುತ್ತಿರಲಿಲ್ಲ ಎಂಬ ಸರಪಣಿಯನ್ನು ಅದೂ ಅನುಸರಿಸಬೇಕು.

ಶಾಲೆಯ ಗಣಕದಲ್ಲಿ, ಅಂತರಜಾಲವಿಲ್ಲದೆಯೂ, ನೀವಿದನ್ನು ಮಾಡಿ ನೋಡಬಹುದು. ಎರಡು ಚೌಕಗಳಿರುವ ಸಣ್ಣ ಎಚ್‌ಟಿಎಂಎಲ್ ನಮೂನೆ ಬರೆದು ಎರಡಕ್ಕೂ ಹೆಸರು ಕೊಡಿ. ಎರಡನೆಯದನ್ನು ಕಡ್ಡಾಯ ಮಾಡಿ, ಮರೆಮಾಡಿ. ಮೊದಲನೆಯದನ್ನು ತುಂಬಿ ಗುಂಡಿ ಒತ್ತಿ. ಪುಟ ಕದಲದಿದ್ದಾಗ ಎಫ್ 12 ಕೀಲಿ ಒತ್ತಿ ಕನ್ಸೋಲ್ ತೆರೆದರೆ ಕ್ರೋಮ್‌ನ ದೂರು ಸಿಗುತ್ತದೆ. ಈಗ ಮರೆಯಾದ ಚೌಕವನ್ನು ನಿಷ್ಕ್ರಿಯಗೊಳಿಸಿ ಮತ್ತೆ ಒತ್ತಿ. ಅರ್ಜಿ ಹೊರಡುತ್ತದೆ, ಮೇಲಿನ ವಿಳಾಸಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಮೊದಲ ಚೌಕದ ಹೆಸರು ಮಾತ್ರ ಇರುತ್ತದೆ.