ಮನೆ ಕಟ್ಟುವ ಮುನ್ನ ನಿವೇಶನದ ಹವೆಯನ್ನು ಅರಿಯಿರಿ

ರಾಯಚೂರು ಜಿಲ್ಲೆಯ ಬೇಸಿಗೆಯ ಬಗ್ಗೆ ಇಲ್ಲಿಯ ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣತೆಯು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಇಲ್ಲಿ ಸಾಮಾನ್ಯ. ಆದರೆ ಆಕಾಶವಾಣಿಯಲ್ಲಿ ಕೇಳುವ ಈ ಅಂಕಿಯು ಹವಾಮಾನ ಕೇಂದ್ರದ ಅಂಕಿ. ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಇಟ್ಟ ಉಷ್ಣಮಾಪಕವು ಅದನ್ನು ತೋರಿಸಿರುತ್ತದೆ. ನಿಮ್ಮ ಮನೆಯ ಪಶ್ಚಿಮದ ಗೋಡೆಗೆ ತಾಗುವ ಕಾವು ಬೇರೆ, ಪತ್ರಾಸಿನ ಕೆಳಗೆ ಕಟ್ಟಿದ ಎಮ್ಮೆಗೆ ತಾಗುವ ಕಾವು ಬೇರೆ. ಒಂದೇ ಊರಿನಲ್ಲಿ ಗುಡ್ಡದ ಬುಡದ ಮನೆ, ಕೆರೆಯ ಹಿಂದಿನ ಮನೆ, ಬಯಲಿನ ಮನೆ ಇವು ಒಂದೇ ದಿನ ಬೇರೆ ಬೇರೆ ಹವೆಯನ್ನು ಅನುಭವಿಸುತ್ತವೆ. ಇಂತಹ ಸಣ್ಣ ಜಾಗದ ಹವೆಯನ್ನು ವಿಜ್ಞಾನಿಗಳು ಸೂಕ್ಷ್ಮ ಹವಾಗುಣ ಎಂದು ಕರೆಯುತ್ತಾರೆ. ಬಂಡೆ, ಇಳಿಜಾರು, ಗಿಡಮರ, ನೀರು, ಮಣ್ಣು ಮತ್ತು ಅಕ್ಕಪಕ್ಕದ ಕಟ್ಟಡಗಳು ಇದನ್ನು ರೂಪಿಸುತ್ತವೆ.

ಈ ವಿಷಯ ಈಗ ಏಕೆ ಮುಖ್ಯವೆಂದರೆ, ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಆರ್.ಸಿ.ಸಿ. ಮತ್ತು ಪತ್ರಾಸಿನ ಮನೆಗಳನ್ನು ಕಟ್ಟುವುದು ಹೆಚ್ಚಾಗಿದೆ. ದಪ್ಪ ಗೋಡೆಯ ಹಳೆಯ ಮನೆಯು ನಿವೇಶನದ ದೋಷವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತಿತ್ತು. ತೆಳುವಾದ ಹೊಸ ಚಾವಣಿಗೆ ಆ ಶಕ್ತಿಯಿಲ್ಲ. ಸಾಲ ಮಾಡಿ ಆಯುಷ್ಯದಲ್ಲಿ ಒಮ್ಮೆ ಕಟ್ಟಿದ ಮನೆಯಲ್ಲಿ ಮೇ ತಿಂಗಳ ರಾತ್ರಿ ಕೂಸುಗಳೂ ವೃದ್ಧರೂ ನಿದ್ರೆಯಿಲ್ಲದೆ ಬಳಲುವುದನ್ನು, ಬಿಸಿಲ ಬೇಗೆಗೆ ಪ್ರಾಣಾಪಾಯವಾಗುವುದನ್ನು ಕಾಣುತ್ತೇವೆ. ಕಟ್ಟಿದ ಮೇಲೆ ಮನೆಯನ್ನು ತಿರುಗಿಸಲು ಬರುವುದಿಲ್ಲ. ಆದ್ದರಿಂದ ಸಿಮೆಂಟು, ಕಬ್ಬಿಣದ ದರ ವಿಚಾರಿಸುವ ಮೊದಲೇ ಜಾಗವನ್ನು ವಿಚಾರಿಸಬೇಕು.

ರಾಯಚೂರು ನಗರದ ಕಲ್ಲುಗುಡ್ಡಗಳು

ಮಕ್ಕಳ ಓದಿಗಾಗಿ ರಾಯಚೂರಿನಲ್ಲಿ ನಿವೇಶನ ಕೊಳ್ಳುವ ರೈತರು ಅನೇಕರಿದ್ದಾರೆ. ಊರಿನ ಕೋಟೆ ಗುಡ್ಡ ಎಲ್ಲರಿಗೂ ಗೊತ್ತು. 1294ರ ಶಾಸನವಿರುವ ಕೋಟೆಯ ಗೋಡೆಗೆ ಬಳಸಿದ ಭಾರಿ ಕಲ್ಲುಗಳೂ ಸುತ್ತಲಿನ ಬಂಡೆಯವೇ. ಗಿಡವಿಲ್ಲದ ಬೋಳು ಗ್ರಾನೈಟ್ ಬಂಡೆಯು ಹಗಲೆಲ್ಲ ಕಾದು, ಆ ಕಾವನ್ನು ಸೂರ್ಯ ಮುಳುಗಿದ ಮೇಲೆ ಹಲವು ತಾಸು ಹೊರಬಿಡುತ್ತದೆ. ಇಂತಹ ಬಂಡೆಗೆ ಎದುರಾಗಿ ಮಲಗುವ ಕೋಣೆ ಇದ್ದರೆ ಮಧ್ಯರಾತ್ರಿಯವರೆಗೂ ಬಿಸಿ ತಪ್ಪದು. ಬಂಡೆಯ ಮೈ ಪಶ್ಚಿಮಕ್ಕೆ ತೆರೆದಿದ್ದರಂತೂ ಹೇಳುವುದೇ ಬೇಡ. ಅದೇ ಗುಡ್ಡದ ಪೂರ್ವ ಭಾಗದಲ್ಲಿರುವ ಜಾಗಕ್ಕೆ ಸಂಜೆಯ ನೆರಳು ಬೇಗ ಬರುತ್ತದೆ. ಆದರೆ ಅಲ್ಲಿ ಪಶ್ಚಿಮದ ಗಾಳಿಗೆ ಗುಡ್ಡವೇ ಅಡ್ಡವಾಗುವುದರಿಂದ, ಬುಡಕ್ಕೆ ಅಂಟಿಕೊಂಡು ಕಟ್ಟದೆ ಸ್ವಲ್ಪ ದೂರ ಸರಿಯುವುದು ಮೇಲು.

ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಕಂಡು ಮೂಗು ಮುರಿಯುವವರುಂಟು. ಅಲ್ಲಿ ಒಂದು ಮನೆಯ ನೆರಳು ಎದುರು ಮನೆಯ ಗೋಡೆಯನ್ನು ಕಾಯುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಹೊಸ ಬಡಾವಣೆಗಳಲ್ಲಿ ಅಗಲವಾದ ಸಿಮೆಂಟು ರಸ್ತೆ, ಮರವಿಲ್ಲದ ಖಾಲಿ ನಿವೇಶನ, ನಾಲ್ಕೂ ಕಡೆ ಬಿಸಿಲು ತಿನ್ನುವ ಗೋಡೆ. ಮಾವಿನಕೆರೆಯಂತಹ ಕೆರೆಗಳ ತಂಪು ದಂಡೆಯ ಹತ್ತಿರದವರಿಗೆ ಮಾತ್ರ, ಅದೂ ಗಾಳಿಯು ನೀರಿನ ಮೇಲಿಂದ ಬೀಸಿ ಬರುವ ಕಡೆಗೆ. ಬೇಸಿಗೆ ಮತ್ತು ಮುಂಗಾರಿನಲ್ಲಿ ಇಲ್ಲಿ ಗಾಳಿಯು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬರುವುದರಿಂದ ಕೆರೆಯ ಪೂರ್ವ ದಂಡೆಗೆ ಲಾಭ ಹೆಚ್ಚು. ಕೆರೆ ಬತ್ತಿದರೆ ಆ ಲಾಭವೂ ಇಲ್ಲ.

ದೇವದುರ್ಗ: ಇಳಿಜಾರು ಮತ್ತು ನದಿದಂಡೆ

ದೇವದುರ್ಗ ತಾಲೂಕಿನಲ್ಲಿ ಗುಡ್ಡ, ಇಳಿಜಾರು, ಹಳ್ಳಗಳು ಹೆಚ್ಚು. ಉತ್ತರದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ರಾತ್ರಿ ತಣ್ಣಗಾದ ಗಾಳಿಯು ಭಾರವಾಗಿ ಇಳಿಜಾರಿನಗುಂಟ ತಗ್ಗಿಗೆ ಇಳಿಯುತ್ತದೆ. ಆದ್ದರಿಂದ ತಗ್ಗಿನಲ್ಲಿ ಚಳಿಗಾಲದ ಬೆಳಗಿನ ಜಾವ ಚಳಿಯೂ ಇಬ್ಬನಿಯೂ ಹೆಚ್ಚು. ಬೇಸಿಗೆಯಲ್ಲಿ ಇದೇ ಗಾಳಿಯಿಂದ ಅನುಕೂಲವಾದರೂ ಮಳೆಗಾಲದಲ್ಲಿ ತಗ್ಗಿಗೆ ನೀರೂ ಇಳಿಯುತ್ತದೆ. ಹಾಗಾಗಿ ಮನೆಗೆ ಇಳಿಜಾರಿನ ನಡುಭಾಗ, ಅದರಲ್ಲೂ ಪೂರ್ವಕ್ಕೆ ವಾಲಿದ ನೆಲವು ಉತ್ತಮ. ಬೆಳಗಿನ ಎಳೆ ಬಿಸಿಲು ಸಿಗುತ್ತದೆ, ಸಂಜೆಯ ಸುಡು ಬಿಸಿಲು ಓರೆಯಾಗಿ ಬೇಗ ಮುಗಿಯುತ್ತದೆ.

ನದಿಯ ದಂಡೆ ತಂಪು ಎಂಬ ನಂಬಿಕೆಯನ್ನು ಮಾತ್ರ ಪರೀಕ್ಷಿಸಿ ನೋಡಬೇಕು. ಕೊಪ್ಪರ, ಗೂಗಲ್ ಮುಂತಾದ ಊರುಗಳ ಕಡೆ ಬೇಸಿಗೆಯಲ್ಲಿ ಹೊಳೆಯ ಪಾತ್ರದಲ್ಲಿ ನೀರಿಗಿಂತ ಬಂಡೆ, ಮರಳು ಹೆಚ್ಚಾಗಿ ಕಾಣುವ ಸ್ಥಳಗಳಿವೆ. ಅಂತಹ ಕಡೆ ಮೇ ತಿಂಗಳ ಮಧ್ಯಾಹ್ನ ಪಾತ್ರದಿಂದ ಬರುವುದು ಕಾದ ಗಾಳಿ. ತಂಪು ಬೇಕಾದಾಗ ಸಿಗದ ಈ ಜಾಗವು ಪ್ರವಾಹದ ಅಪಾಯವನ್ನಂತೂ ತಪ್ಪದೆ ತರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ, ಪ್ರವಾಹಗಳಲ್ಲಿ ಜಿಲ್ಲೆಯ ಅನೇಕ ಊರುಗಳ ಮಣ್ಣಿನ ಮನೆಗಳು ಕುಸಿದವು. ಬಳಿಕ ಆಸರೆ ಯೋಜನೆಯಡಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳಾದವು. ಎತ್ತರಕ್ಕೆ ಹೋದದ್ದು ಸರಿಯೇ. ಆದರೆ ಬಟ್ಟ ಬಯಲಿನಲ್ಲಿ ಒತ್ತಾಗಿ ಕಟ್ಟಿದ ಮನೆಗಳಿಗೆ ಹಳೆಯ ಊರಿನ ಬೇವು, ಹುಣಸೆಗಳ ನೆರಳು ಜೊತೆಗೆ ಬರಲಾರದು. ಇಂತಹ ಕಡೆ ವಾಸಿಸುವವರು ಮನೆಯ ಪಶ್ಚಿಮಕ್ಕೆ ಗಿಡ ನೆಡುವುದನ್ನು ಒಂದು ವರ್ಷವೂ ಮುಂದೂಡಬಾರದು.

ಮಾನ್ವಿ: ಕಾಲುವೆಯ ತೇವ

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬರಲಾರಂಭಿಸಿದ ಮೇಲೆ ಎಡದಂಡೆ ಕಾಲುವೆಯ ಕೆಳಗಿನ ಪ್ರದೇಶದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಮಾನ್ವಿ ತಾಲೂಕಿನ ನೀರಾವರಿ ಊರುಗಳ ಹವೆಯು ಒಣ ಬೇಸಾಯದ ಊರುಗಳ ಹವೆಗಿಂತ ಬೇರೆಯಾದದ್ದು ಈ ಕಾರಣದಿಂದ. ನೀರು ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುತ್ತದೆ ಎಂಬುದು ನಿಜ. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಾಮಾನ್ಯವಾಗಿ ಕಾಲುವೆಯಲ್ಲಿ ನೀರಿರುವುದಿಲ್ಲ, ಗದ್ದೆಗಳು ಕೊಯ್ಲಾಗಿ ಬಿರುಕು ಬಿಟ್ಟಿರುತ್ತವೆ. ಅಂದರೆ ಬಿಸಿಲು ಹೆಚ್ಚಿದ್ದಾಗ ಗದ್ದೆಯಿಂದ ತಂಪಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗದ್ದೆ ತುಂಬಿರುವಾಗ ಉಷ್ಣತೆ ಕಡಿಮೆಯಿದ್ದರೂ ಹವೆಯಲ್ಲಿ ತೇವ ಹೆಚ್ಚಿ, ಮೈಯ ಬೆವರು ಆರದೆ ಸೆಕೆಯಾಗುತ್ತದೆ. ಸೊಳ್ಳೆ ಬೇರೆ.

ಆದಕಾರಣ ಗದ್ದೆಯ ಬದುವಿಗೇ ಹತ್ತಿ ಮನೆ ಕಟ್ಟಬಾರದು. ನೀರಾವರಿಯಿಂದ ಅಂತರ್ಜಲ ಮೇಲೇರಿ ಸವಳಾದ ನೆಲದಲ್ಲಿ ಗೋಡೆಯ ಬುಡಕ್ಕೆ ತೇವ ಏರಿ, ಗಿಲಾವು ಉದುರುತ್ತದೆ. ಎರೆ ಭೂಮಿಯಾದರೆ ಮಣ್ಣು ಹಿಗ್ಗಿ ಕುಗ್ಗಿ ಗೋಡೆ ಸೀಳುತ್ತದೆ; ಅಡಿಪಾಯವನ್ನು ಗರಸು ಸಿಗುವವರೆಗೆ ಇಳಿಸಬೇಕು. ಊರಿನಲ್ಲಿ ಮಸಾರಿ ಅಥವಾ ಗರಸಿನ ದಿಬ್ಬವಿದ್ದರೆ ಅದನ್ನೇ ಆರಿಸಿಕೊಳ್ಳಿರಿ. ಬೆಳೆಗೆ ಬಾರದ ನೆಲವೆಂದು ಅದನ್ನು ಕಡೆಗಣಿಸುವುದುಂಟು. ಮನೆಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಇಲ್ಲಿಯ ಮನೆಗೆ ಎದುರು ಬದುರಾಗಿ, ಪಶ್ಚಿಮ ಪೂರ್ವ ಎರಡೂ ಕಡೆ ಕಿಟಕಿಗಳಿರಲಿ. ಸೊಳ್ಳೆ ಜಾಲರಿ ಹಾಕಿಸಿರಿ. ಮೇ ತಿಂಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆಯವರೆಗೆ ಅವುಗಳನ್ನು ಮುಚ್ಚಿ, ಹೊರಗಿನ ಗಾಳಿ ತಣ್ಣಗಾದ ಮೇಲೆ ತೆರೆಯಬೇಕು. ಮಳೆಗಾಲದಲ್ಲಿ ಹಗಲೂ ತೆರೆದಿಡಬೇಕು.

ಸೂರ್ಯನ ದಾರಿ

ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇದರಿಂದಾಗಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರ, ದಕ್ಷಿಣದ ಗೋಡೆಗಳಿಗೆ 2 ಅಡಿ ಸೂರು ಸಾಕು. ಕಷ್ಟವಿರುವುದು ಪಶ್ಚಿಮದ ಗೋಡೆಗೆ ಮತ್ತು ಚಾವಣಿಗೆ. ಮೇ ಮಧ್ಯದಲ್ಲಿ ಸಂಜೆ 4 ಗಂಟೆಗೆ ಬಿಸಿಲು ಸುಮಾರು 37 ಡಿಗ್ರಿ ಎತ್ತರದಿಂದ ಓರೆಯಾಗಿ ಬೀಳುತ್ತದೆ. ಆಗ 6 ಅಡಿ ಕೋಲಿನ ನೆರಳು ಸುಮಾರು 8 ಅಡಿ ಇರುತ್ತದೆ. ಪಶ್ಚಿಮದ ಕಿಟಕಿಯ ಮೇಲೆ 2 ಅಡಿ ಸಜ್ಜಾ ಇಳಿಸಿದರೆ ಅದರ ನೆರಳು ಒಂದೂವರೆ ಅಡಿಗಿಂತ ಕೆಳಗೆ ಬರುವುದಿಲ್ಲ. ಅದಕ್ಕೆ ಹಣ ಹಾಕುವುದಕ್ಕಿಂತ ಆ ಕಡೆ 8 ಅಡಿಯ ಪಡಸಾಲೆ ಅಥವಾ ಚಪ್ಪರವನ್ನು ಮಾಡುವುದು, ಇಲ್ಲವೇ ಕಾಳು ಕಡಿ ಇಡುವ ಕೋಣೆ, ಬಚ್ಚಲುಮನೆಗಳನ್ನು ಪಶ್ಚಿಮಕ್ಕೆ ಹಾಕಿ ಮಲಗುವ ಜಾಗವನ್ನು ಪೂರ್ವಕ್ಕೆ ಇಡುವುದು ಲೇಸು. ಆಯ ನೋಡುವಷ್ಟೇ ಶ್ರದ್ಧೆಯಿಂದ ಸಂಜೆಯ ಬಿಸಿಲನ್ನೂ ನೋಡಿದರೆ ಯಾವ ಶಾಸ್ತ್ರಕ್ಕೂ ಊನವಾಗದು.

30 ಅಡಿ ಎತ್ತರದ ಬೇವಿನ ಮರದ ನೆರಳು ಆ ಹೊತ್ತಿಗೆ ಸುಮಾರು 40 ಅಡಿ ಚಾಚುತ್ತದೆ. ಆದ್ದರಿಂದ ಮರವು ಗೋಡೆಗೆ ತಾಗಿಯೇ ಇರಬೇಕೆಂದಿಲ್ಲ. ಗರಸು ನೆಲದಲ್ಲಿ 15 ಅಡಿ, ಎರೆ ನೆಲದಲ್ಲಿ 25ರಿಂದ 30 ಅಡಿ ದೂರದಲ್ಲಿ ನೆಡಬಹುದು. ಎರೆಯಲ್ಲಿ ಬೇರುಗಳು ನೀರು ಹೀರಿ ಮಣ್ಣನ್ನು ಕುಗ್ಗಿಸಿ ಅಡಿಪಾಯಕ್ಕೆ ತೊಂದರೆ ಕೊಡುತ್ತವೆ, ಅದಕ್ಕಾಗಿ ಈ ಅಂತರ.

ಚಾವಣಿಯ ಮಾತು ಬಂದರೆ ಹಳೆಯ ಮಾಳಿಗೆಯನ್ನು ನೆನೆಯಲೇಬೇಕು. ತೊಲೆ, ಜಂತಿಗಳ ಮೇಲೆ ದಪ್ಪವಾಗಿ ಮಣ್ಣು ಹೊದಿಸಿ, ಮೇಲೆ ಸವಳು ಮಣ್ಣು ಬಡಿದ ಆ ಚಾವಣಿಯೊಳಕ್ಕೆ ಹಗಲಿನ ಕಾವು ಇಳಿಯುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಆಗ ಮನೆಯವರು ಮಾಳಿಗೆಯ ಮೇಲೆ ಮಲಗಿರುತ್ತಿದ್ದರು. 4–5 ಅಂಗುಲದ ಆರ್.ಸಿ.ಸಿ. ಚಾವಣಿಯಲ್ಲಿ ನಡುಹಗಲಿನ ಕಾವು ಮೂರು ನಾಲ್ಕು ತಾಸುಗಳಲ್ಲೇ ಒಳಗೆ ಬರುತ್ತದೆ. ಪತ್ರಾಸಿಗೆ ಅಷ್ಟು ಹೊತ್ತೂ ಬೇಡ. ಹಾಗೆಂದು ಎಲ್ಲರೂ ಮಣ್ಣಿನ ಮಾಳಿಗೆಗೇ ಮರಳಬೇಕೆಂದು ಹೇಳಲಾಗದು; ವರ್ಷವರ್ಷ ಮಣ್ಣು ಹಾಕುವ ಆಳು ಸಿಗುವುದಿಲ್ಲ, ಜಡಿಮಳೆಗೆ ಅದು ಸೋರುವುದೂ ಉಂಟು. ಆರ್.ಸಿ.ಸಿ. ಚಾವಣಿಗೆ ಶಿವರಾತ್ರಿ ಮತ್ತು ಯುಗಾದಿಯ ನಡುವೆ ಎರಡು ಕೈ ಸುಣ್ಣ ಬಳಿಯಿರಿ. ಬಿಳಿಯ ಮೈಯು ಬಿದ್ದ ಬಿಸಿಲಿನ ಹೆಚ್ಚಿನ ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ಸುಣ್ಣ ತೊಳೆದುಹೋದರೂ ಆಗ ಅದರ ಕೆಲಸ ಮುಗಿದಿರುತ್ತದೆ.

ದನದ ಕೊಟ್ಟಿಗೆ

ಮನೆಗೆ ತೋರಿಸುವ ಕಾಳಜಿಯನ್ನು ಕೊಟ್ಟಿಗೆಗೂ ತೋರಿಸಬೇಕು. ಕಪ್ಪು ಚರ್ಮದ, ಬೆವರು ಕಡಿಮೆಯಿರುವ ಎಮ್ಮೆಯು ಬಿಸಿಲನ್ನು ಹಸುವಿಗಿಂತ ಕಡಿಮೆ ತಾಳುತ್ತದೆ. ಮೇವು ಬಿಟ್ಟು, ಹಾಲು ಇಳಿಸಿ, ಬೆದೆಗೆ ಬರುವುದನ್ನೂ ತಪ್ಪಿಸುತ್ತದೆ. ಕೊಟ್ಟಿಗೆಯ ಉದ್ದವು ಪೂರ್ವ–ಪಶ್ಚಿಮವಾಗಿರಬೇಕು. ಹಾಗಿದ್ದರೆ ಉದ್ದನೆಯ ಬದಿಗಳು ಉತ್ತರ, ದಕ್ಷಿಣಕ್ಕೆ ಬಂದು ಓರೆ ಬಿಸಿಲು ಒಳಗೆ ನುಗ್ಗುವುದಿಲ್ಲ. ಒಂದು ಹಸುವಿಗೆ ಸೂರಿನ ಕೆಳಗೆ ಸುಮಾರು 3.5 ಚದರ ಮೀಟರ್, ಅಂದರೆ 38 ಚದರ ಅಡಿ ಜಾಗ ಬೇಕು. ಪತ್ರಾಸು ಹಾಕಿದ್ದರೆ ಬೇಸಿಗೆಯಲ್ಲಿ ಮೇಲೆ ಭತ್ತದ ಹುಲ್ಲು ಹೊದಿಸಿ ಆಗಾಗ ನೀರು ಚಿಮುಕಿಸಬಹುದು. ನೀರಿಲ್ಲದ ಕಡೆ ಒಣಹುಲ್ಲು ಬೆಂಕಿಗೆ ಆಹಾರವಾದೀತು, ಅಲ್ಲಿ ಸುಣ್ಣವೇ ಸಾಕು.

ಬೇಸಿಗೆ, ಮುಂಗಾರಿನ ಗಾಳಿಯನ್ನು ಅನುಸರಿಸಿ ಕೊಟ್ಟಿಗೆ ಮತ್ತು ತಿಪ್ಪೆ ಮನೆಯ ಪೂರ್ವಕ್ಕಿರಲಿ. ಬಣವೆಯನ್ನು ಮಾತ್ರ ಅಲ್ಲಿ ಒಟ್ಟಬೇಡಿರಿ, ಏಕೆಂದರೆ ಒಲೆಯ ಕಿಡಿಯೂ ಅದೇ ಗಾಳಿಯಲ್ಲಿ ಹಾರುತ್ತದೆ. ಮನೆಯ ಉತ್ತರಕ್ಕೋ ದಕ್ಷಿಣಕ್ಕೋ ದೂರದಲ್ಲಿ ಬಣವೆಗೆ ಜಾಗ ಮಾಡಬೇಕು.

ಜಾಗವನ್ನು ಪರೀಕ್ಷಿಸುವ ಬಗೆ

ಮನೆ ಕಟ್ಟಲು ಎರಡು ಜಾಗಗಳಿದ್ದು ಯಾವುದೆಂದು ತೋಚದಿದ್ದರೆ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಕೊಳ್ಳಿರಿ. ಮೊದಲು ಎರಡನ್ನೂ ಒಂದೇ ಕಡೆ ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ನೋಡಬೇಕು. ನಂತರ ಎರಡೂ ಜಾಗಗಳಲ್ಲಿ 4 ಅಡಿ ಎತ್ತರದ ಗೂಟಕ್ಕೆ, ಬಿಸಿಲು ತಾಗದಂತೆ ಬಿಳಿಯ ಮರೆ ಮಾಡಿ, ಗಾಳಿಯಾಡುವಂತೆ ಕಟ್ಟಬೇಕು. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಒಂದು ವಾರ ಮಧ್ಯಾಹ್ನ 3 ಗಂಟೆಗೆ, ರಾತ್ರಿ 10 ಗಂಟೆಗೆ ಮತ್ತು ಬೆಳಗಿನ 5 ಗಂಟೆಗೆ ಬರೆದಿಡಿರಿ. ಮಧ್ಯಾಹ್ನದ ಅಂಕಿಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ರಾತ್ರಿ 10ರ ಅಂಕಿಯನ್ನು ಗಮನವಿಟ್ಟು ನೋಡಿರಿ, ಬಂಡೆ ಮತ್ತು ಗೋಡೆಗಳ ಕಾವು ಅಲ್ಲಿ ಬಯಲಾಗುತ್ತದೆ. 10 ಅಡಿ ಗಳದ ತುದಿಗೆ ಹಗುರವಾದ ಬಟ್ಟೆಯ ಪಟ್ಟಿ ಕಟ್ಟಿದರೆ ಗಾಳಿಯ ದಿಕ್ಕೂ ತಿಳಿಯುತ್ತದೆ. ಇದನ್ನು ಮೇ, ಆಗಸ್ಟ್ ಮತ್ತು ಡಿಸೆಂಬರ್ ಹೀಗೆ ಮೂರು ಕಾಲಗಳಲ್ಲಿ ನೋಡುವುದು ಅವಶ್ಯ, ಏಕೆಂದರೆ ಚಳಿಗಾಲದಲ್ಲಿ ಗಾಳಿಯು ಪೂರ್ವದ ಕಡೆಗೆ ತಿರುಗುತ್ತದೆ.

ಜಾಗ ಗೊತ್ತಾದ ಕೂಡಲೇ, ಹಣ ಕೂಡುವವರೆಗೆ ಕಾಯದೆ, ಮುಂಗಾರಿನ ಮೊದಲ ಹದ ಮಳೆಗೆ ಪಶ್ಚಿಮದ ಅಂಚಿನಲ್ಲಿ ಮೂರು ನಾಲ್ಕು ಬೇವು ಅಥವಾ ಹೊಂಗೆ ಸಸಿಗಳನ್ನು ನೆಟ್ಟು ಮುಳ್ಳುಬೇಲಿ ಕಟ್ಟಿರಿ. ಎರಡಡಿ ಆಳ, ಎರಡಡಿ ಅಗಲದ ಗುಂಡಿಗೆ ತಿಪ್ಪೆಗೊಬ್ಬರ ಬೆರೆಸಿದ ಮಣ್ಣು ತುಂಬಬೇಕು. ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆಯಾದರೂ ಒಂದೊಂದು ಕೊಡ ನೀರು ಹಾಕಬೇಕು.