ವಿದೇಶದ ಓದು ನಮ್ಮ ಮಣ್ಣಿಗೆ ಒಗ್ಗದೇ?

ಕೃಷಿ ಪದವಿ ಮುಗಿಸಿದ ಹುಡುಗಿ ನೆದರ್ಲೆಂಡ್ಸ್‌ಗೋ ಜರ್ಮನಿಗೋ ಹೆಚ್ಚಿನ ಓದಿಗೆ ಹೊರಟಳೆಂದರೆ ಸಾಕು, ನೆಂಟರಲ್ಲೊಬ್ಬರು ಅಂದೇಬಿಡುತ್ತಾರೆ: 'ಅಲ್ಲಿ ಕಲಿತದ್ದು ನಮ್ಮ ಮಣ್ಣಿಗೆ ಒಗ್ಗುತ್ತದೆಯೇ? ಹಿಮ ಬೀಳುವ ದೇಶದವರಿಗೆ ರಾಗಿ ಹೊಲದ ಕಷ್ಟ ಏನು ಗೊತ್ತು?' ಓದಿದವರೂ ತಲೆದೂಗುವ ಈ ಮಾತಿನಲ್ಲಿ ಹುರುಳಿಲ್ಲ.

ಆ ರಾಗಿಯೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ ಸಾವಿರಾರು ವರ್ಷಗಳ ಹಿಂದೆ ಬಂದ ಬೆಳೆ. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಾಡರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ರೂಪಿಸಿದ ಮೇಲೆ ನಮ್ಮ ಹೊಲಗಳಲ್ಲಿ ಇಳುವರಿ ಬಹಳ ಏರಿತು.

ಮಲೆನಾಡಿನ ಅಡಿಕೆ ತೋಟದಲ್ಲಿ ಇನ್ನೂ ಗಟ್ಟಿ ಸಾಕ್ಷಿ ಇದೆ. ಮಳೆಗಾಲದಲ್ಲಿ ಎಳೆಗಾಯಿಗಳನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಹಿಂದೆ ಇದ್ದ ಉಪಾಯವೆಂದರೆ ಪ್ರತಿ ಅಡಿಕೆ ಗೊನೆಗೂ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೆನಡಾದವರು, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದವರು. ಅಡಿಕೆ ಮರ ಬೆಳೆಯದ ದೇಶಗಳಲ್ಲಿ ಓದಿದ ಈ ಮನುಷ್ಯ 1910ರಲ್ಲಿ ಕೊಳೆರೋಗದ ರೋಗಾಣುವನ್ನು ವಿವರಿಸಿದರು. ತೋಟಗಳಿಗೆ ಬೋರ್ಡೊ ದ್ರಾವಣವನ್ನು ತಂದರು. ಆ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ದ್ರಾಕ್ಷಿ ಎಲೆಗೆ ಬೂಜು ಹಿಡಿಸುವ ಜೀವಿಯೂ ಅಡಿಕೆ ಕೊಳೆಸುವ ಫೈಟಾಫ್ತೊರಾವೂ ಒಂದೇ ಗುಂಪಿನವು, ಹಾಗಾಗಿ ಅಲ್ಲಿನ ಮದ್ದು ಇಲ್ಲಿ ಕೆಲಸ ಮಾಡಿತು. ಇಂಥ ನಂಟನ್ನು ಕಾಣುವ ಕಣ್ಣು ಬರುವುದು ಓದಿನಿಂದ.

ಹಾಗೆಂದು ಬೋರ್ಡೊ ಇದ್ದ ಹಾಗೆಯೇ ಮಲೆನಾಡಿಗೆ ಇಳಿಯಲಿಲ್ಲ. ಇಲ್ಲಿ ಮರ ಎತ್ತರ, ಮಳೆ ಬಿಡುವಿಲ್ಲದ್ದು. ಅದಕ್ಕೇ ಮುಂಗಾರಿಗೆ ಮೊದಲು ಒಂದು ಸಲ, ಸುಮಾರು 40-45 ದಿನ ಕಳೆದು ಮತ್ತೊಂದು ಸಲ ಔಷಧಿ ಹೊಡೆಯಬೇಕು. ಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸಬೇಕು. ದ್ರಾವಣದ ಅಳತೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಮರ ಹತ್ತಿ ಗೊನೆ ಇಳಿಸುವ, ಅಕ್ಷರ ಬಾರದ ಕೊನೆಗೌಡನಿಗೂ ಇಂದು ಇದು ಗೊತ್ತು. ಇದು ವಿದೇಶದ ವಿದ್ಯೆಯೆಂದು ತೋಟದಲ್ಲಿ ಯಾರಿಗೂ ಅನ್ನಿಸುವುದೇ ಇಲ್ಲ!

ಅಲ್ಲಿಯ ತಳಿಯನ್ನೋ ಗೊಬ್ಬರದ ಲೆಕ್ಕವನ್ನೋ ಪರೀಕ್ಷಿಸದೆ ಇಲ್ಲಿ ಹಾಕಿದರೆ ಕೆಡುತ್ತದೆ, ನಿಜ. ಆದರೆ ಆ ಪರೀಕ್ಷೆ ಹೇಗೆ ಮಾಡಬೇಕೆಂಬುದೇ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಪಾಠ. ನಮ್ಮ ವಿಶ್ವವಿದ್ಯಾಲಯಗಳ ಚೌಕಟ್ಟೂ ಹೀಗೆ ಬಂದದ್ದೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಂತನಗರಕ್ಕೆ ಇಲಿನಾಯ್, ಲುಧಿಯಾನಕ್ಕೆ ಒಹಾಯೊ, 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸೀ ಜೊತೆಗಾರರಾದವು. ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಮುಟ್ಟಿಸುವ ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಆ ಒಡನಾಟದ ಫಲ. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲೂ ಕೇಂಬ್ರಿಜ್‌ನಲ್ಲೂ ಆಲೂಗಡ್ಡೆಯ ಮೇಲೆ ಸಂಶೋಧನೆ ಮಾಡಿದವರು. ದೇಶಕ್ಕೆ ಮರಳಿ ಅವರು ಗೋಧಿ, ಭತ್ತದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ವಿವರಿಸಬೇಕಿಲ್ಲ.

ಕೊಡುವವರು ಅವರು, ಪಡೆಯುವವರು ನಾವು ಎಂಬುದೂ ತಪ್ಪು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ನೇತಾಜಿ ಸುಭಾಷ್ ಫೆಲೊಶಿಪ್ ಭಾರತೀಯರನ್ನು ಪಿಎಚ್‌ಡಿಗೆ ಹೊರಗೆ ಕಳಿಸುವಂತೆ ವಿದೇಶೀಯರನ್ನು ಇಲ್ಲಿನ ಕೃಷಿ ವಿಶ್ವವಿದ್ಯಾಲಯಗಳಿಗೂ ಕರೆತರುತ್ತದೆ.

ಬೇಸರ ತರಿಸುವುದು ಇನ್ನೊಂದು. ಶತಮಾನದ ಅನುಭವವನ್ನು ನಂಬದವರೇ ವಿದೇಶದಲ್ಲಿ ಸೀಟು ಕೊಡಿಸುತ್ತೇನೆನ್ನುವ ಏಜೆಂಟನ ಮಾತನ್ನು ಕಣ್ಣುಮುಚ್ಚಿ ನಂಬುತ್ತಾರೆ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಡಂಬಡಿಕೆ ಆಗಿದೆ, ಆದ್ದರಿಂದ ಸೀಟು ಖಚಿತ, ಕೆಲಸವೂ ಖಚಿತ ಎಂದರೆ ಜಮೀನು ಅಡವಿಟ್ಟು ದುಡ್ಡು ಕಟ್ಟುತ್ತಾರೆ. ಬರಿಯ ಒಡಂಬಡಿಕೆಯಿಂದ ಸೀಟೂ ಸಿಗದು, ವೀಸಾವೂ ಸಿಗದು. ಜರ್ಮನಿಯಲ್ಲಿ ಎಲ್ಲ ಓದೂ ಬಿಟ್ಟಿ ಎಂಬ ಮಾತೂ ಪೂರ್ತಿ ನಿಜವಲ್ಲ: ಕೃಷಿಗೆ ಹೆಸರಾದ ಹೋಹೆನ್‌ಹೈಮ್ ವಿಶ್ವವಿದ್ಯಾಲಯವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಲ್ಲಿ ಸೆಮಿಸ್ಟರಿಗೆ 1500 ಯೂರೊ ಶುಲ್ಕ ಜಾರಿಗೆ ತಂದಿತು. ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಆ ವಿಶ್ವವಿದ್ಯಾಲಯಕ್ಕೇ ನೇರವಾಗಿ ಬರೆದು ಶುಲ್ಕ, ಸೀಟು ಎರಡನ್ನೂ ಕೇಳಿಕೊಳ್ಳಲು ಏಜೆಂಟ್ ಬೇಕಾಗಿಲ್ಲ.