ಹಳೆಯ ಲಾಟರಿ ಚೀಟಿ ಹೇಳುವ ಲೆಕ್ಕ



ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಲೆಕ್ಕದ ವಹಿಯ ನಡುವೆಯೋ ಹಳೆಯ ಲಾಟರಿ ಚೀಟಿ ಸಿಗುವುದುಂಟು. ಎಸೆಯುವ ಮೊದಲು ಅದನ್ನು ಒಮ್ಮೆ ಓದಿರಿ.

ಮೊದಲು ಹೆಸರನ್ನು ನೋಡಬೇಕು. ‘ಮೈಸೂರು ರಾಜ್ಯ ಲಾಟರಿ’ ಎಂದಿದ್ದರೆ ಅದು 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವ ಮುಂಚಿನದು. ನೆರೆಯ ಕೇರಳ ಸರಕಾರ 1967ರಲ್ಲಿ ಲಾಟರಿ ಆರಂಭಿಸಿತ್ತು. ಚೀಟಿಯ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ.

ಇನ್ನು ಬಹುಮಾನಗಳು. ಸಂಘ ಸಂಸ್ಥೆಗಳ ಸಹಾಯಾರ್ಥ ಚೀಟಿಗಳಲ್ಲಿ ಸ್ಕೂಟರ್, ರೇಡಿಯೊ, ಕೈಗಡಿಯಾರಗಳ ಆಕರ್ಷಣೆ ಇರುತ್ತಿತ್ತು. ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ 1960ರ ದಶಕದಲ್ಲಿ ಬಂದ ಹೊಸ ವಸ್ತು. ಸ್ಕೂಟರಿಗಂತೂ ಹಣ ಕಟ್ಟಿಯೂ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಆದ್ದರಿಂದ ಗೆದ್ದವನಿಗೆ ಬೆಲೆಯೂ ಉಳಿಯಿತು, ಕಾಯುವುದೂ ತಪ್ಪಿತು. ಅಂದಿನ ಜನರ ಆಸೆ ಏನಿತ್ತೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಆದರೆ ಚೀಟಿಯ ಲೆಕ್ಕ ಬೇರೆ. 1 ರೂಪಾಯಿಯ 1 ಲಕ್ಷ ಚೀಟಿ ಮಾರಿ, ಒಟ್ಟು 50,000 ರೂಪಾಯಿಯ ಬಹುಮಾನ ಕೊಟ್ಟರೆಂದು ಇಟ್ಟುಕೊಳ್ಳಿ. ಕೊಂಡವರೆಲ್ಲರ ಪಾಲಿಗೆ ಸರಾಸರಿ ರೂಪಾಯಿಗೆ 50 ಪೈಸೆ ಮರಳಿತು. ಉಳಿದದ್ದು ನಡೆಸಿದವರದು. ಒಬ್ಬನ ಗೆಲುವು ಊರಿಗೆಲ್ಲ ಕೇಳುತ್ತದೆ, ಸಾವಿರಾರು ಜನರ ಸೋಲು ಅವರವರ ಮನೆಯಲ್ಲೇ ಉಳಿಯುತ್ತದೆ.

ತಿಂಗಳ ಕಂತು ಕಟ್ಟಿಸಿಕೊಂಡು, ಡ್ರಾ ಬಂದವರಿಗೆ ವಸ್ತು ಕೊಟ್ಟು ಮುಂದಿನ ಕಂತು ಬಿಡುವ ಸ್ಕೀಮುಗಳೂ ಹಬ್ಬಿದವು. ಇಂಥ ಬಹುಮಾನ ಚೀಟಿಗಳನ್ನು ಕೇಂದ್ರ ಸರಕಾರ 1978ರ ಕಾಯ್ದೆಯಿಂದ ನಿಷೇಧಿಸಿತು. ಪ್ರತಿಯೊಬ್ಬ ಸದಸ್ಯನಿಗೂ ಸರದಿಯಂತೆ ಚೀಟಿ ಹಣ ಸಿಗುವ ಚಿಟ್ ಫಂಡ್ ಬೇರೆ. ಅದಕ್ಕೆ 1982ರ ಕಾಯ್ದೆಯಿದೆ, ನೋಂದಣಿ ಕಡ್ಡಾಯ. ಕರ್ನಾಟಕದಲ್ಲಿ ಲಾಟರಿ ಮಾರಾಟವೇ 2007ರಲ್ಲಿ ನಿಂತಿತು.

ಚೀಟಿ ಹೋದರೂ ಆಸೆ ಹೋಗಿಲ್ಲ. ಅಡಿಕೆ ಮಾರಿದ ಹಣ ಕೈಗೆ ಬಂದ ದಿನಗಳಲ್ಲಿ, “ನಿಮಗೆ ಕಾರು ಬಂದಿದೆ, ಮೊದಲು ತೆರಿಗೆ ಕಟ್ಟಿ” ಎಂದು ಮೊಬೈಲಿಗೆ ಕರೆ ಬಂದೀತು. ಹಳೆಯ ಚೀಟಿಗೆ ಕೊನೆಯ ಪಕ್ಷ ನಂಬರು, ಡ್ರಾ ದಿನಾಂಕ, ನಡೆಸುವವರ ಹೆಸರು ಇದ್ದವು. ಕೊಳ್ಳದ ಚೀಟಿಗೆ ಬಹುಮಾನ ಬರುವುದಿಲ್ಲ. ಹಣ ಕಳಿಸಬೇಡಿರಿ. ಕಳಿಸಿಬಿಟ್ಟಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿರಿ.